ಮೆಟ್ಟುಗತ್ತಿ ತಾಗಿದಾಗ ಕೈ ಮೊದಲು, ನೋವು ಆಮೇಲೆ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಮೊನ್ನೆ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಬೆರಳಿಗೆ ತಾಗಿತು. ಕೈ ತಾನಾಗೇ ಹಿಂದೆ ಬಂತು. ಚುರ್ ಅಂದದ್ದು ಆಮೇಲೆ. ಅದಾದ ಮೇಲೆ ಬೇರೆಯೇ ಥರದ ನೋವು, ಉರಿ. ಪಿಯುಸಿ ಓದುವ ಮಗಳು "ನರದಲ್ಲಿ ಕರೆಂಟ್ ಹರಿಯುತ್ತೆ ಅಪ್ಪಾ" ಅಂತಾಳೆ. ಕರೆಂಟ್ ಆದರೆ ಎಲ್ಲವೂ ಒಟ್ಟಿಗೇ ಗೊತ್ತಾಗಬೇಕಲ್ವಾ?

ಉತ್ತರ: ನೀವು ಗಮನಿಸಿದ್ದು ಪೂರ್ತಿ ಸರಿ. ಮಗಳು ಹೇಳಿದ್ದು ಅರ್ಧ ಸರಿ. ನರದಲ್ಲಿ ವಿದ್ಯುತ್ ಇದೆ. ಆದರೆ ತಂತಿಯಲ್ಲಿ ಹರಿದ ಹಾಗೆ ಅದು ಈ ತುದಿಯಿಂದ ಆ ತುದಿಗೆ ಹರಿಯುವುದಿಲ್ಲ. ದಾರಿಯುದ್ದಕ್ಕೂ ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತಾ ಹೋಗುತ್ತದೆ.

ಕುಮಟಾ ಕಡೆ ಬಂದಾಗ ಅಘನಾಶಿನಿ ಹೊಳೆ ದಂಡೆಯ ಗಜನಿ ಗದ್ದೆ ನೋಡಿರಬೇಕು. ಹೊರಗೆ ಉಪ್ಪುನೀರು, ನಡುವೆ ಒಡ್ಡು, ಒಡ್ಡಿನಲ್ಲಿ ಹಲಗೆಯ ಬಾಗಿಲು. ಉಬ್ಬರದ ಹೊತ್ತಿಗೆ ಬಾಗಿಲು ತೆರೆದರೆ ಸಾಕು, ನೀರು ತಾನೇ ನುಗ್ಗುತ್ತದೆ. ನರಕೋಶದ ಪೊರೆಯೂ ಅಂಥದ್ದೇ ಒಡ್ಡು. ಹೊರಗೆ ಸೋಡಿಯಂ ಜಾಸ್ತಿ, ಅಡುಗೆ ಉಪ್ಪಿನಲ್ಲಿರುವ ಅದೇ ಸೋಡಿಯಂ. ಒಳಗೆ ಪೊಟ್ಯಾಸಿಯಂ ಜಾಸ್ತಿ. ಪೊರೆಯಲ್ಲಿರುವ ಪಂಪುಗಳು ಹಗಲೂ ರಾತ್ರಿ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತಿರುತ್ತವೆ. ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2 ಮಾತ್ರ. ಆದರೆ ಸುಮ್ನೆ ಕೂತಿರುವಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಅದರಲ್ಲಿ ದೊಡ್ಡ ಪಾಲು ಈ ಪಂಪುಗಳದ್ದು.

ಒಳಗಿನ ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪ ಹೊರಗೆ ಸೋರುತ್ತಲೇ ಇರುತ್ತದೆ. ಹಾಗಾಗಿ ಪೊರೆಯ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಗೋಡೆ ಗಡಿಯಾರದ ಸೆಲ್ಲಿನ ಇಪ್ಪತ್ತರಲ್ಲಿ ಒಂದು ಪಾಲು, ಅಷ್ಟೇ. ಕತ್ತಿ ತಾಗಿದಾಗ ನರದ ತುದಿಯಲ್ಲಿ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ಒಂದು ಮಿತಿ ದಾಟಿತೋ, ಸೋಡಿಯಂ ಬಾಗಿಲು ತೆರೆದುಕೊಳ್ಳುತ್ತದೆ. ಸೋಡಿಯಂ ನುಗ್ಗಿ, ಒಂದು ಮಿಲಿಸೆಕೆಂಡಿನೊಳಗೆ ಅಲ್ಲಿನ ವೋಲ್ಟೇಜು ತಿರುಗಿಬೀಳುತ್ತದೆ. ಅದು ಪಕ್ಕದ ಬಾಗಿಲನ್ನು ತೆರೆಸುತ್ತದೆ. ಅದು ಅದರ ಪಕ್ಕದ್ದನ್ನು. ಒಮ್ಮೆ ತೆರೆದು ಮುಚ್ಚಿದ ಬಾಗಿಲು ಕೂಡಲೇ ಮತ್ತೆ ತೆರೆಯುವುದಿಲ್ಲ. ಅದಕ್ಕೇ ನರದ ಈ ಸುದ್ದಿ ಹಿಂದಕ್ಕೆ ತಿರುಗದೆ ಮುಂದಕ್ಕೇ ಹೋಗುತ್ತದೆ. ಬೆರಳ ತುದಿಯಿಂದ ಕತ್ತಿನ ಬೆನ್ನುಹುರಿವರೆಗೆ ಇರುವುದು ಒಂದೇ ಕೋಶದ ಎಳೆ ಅಂದರೆ ನಂಬುತ್ತೀರಾ? ಅಷ್ಟು ಉದ್ದ ಬಂದರೂ ಸುದ್ದಿ ಒಂಚೂರೂ ಸೊರಗುವುದಿಲ್ಲ. ಸಣ್ಣ ಗೀರಾದರೂ ಆಳದ ಗಾಯವಾದರೂ ಒಂದೊಂದು ಸುದ್ದಿಯ ಗಾತ್ರ ಒಂದೇ. ಪೆಟ್ಟು ಜೋರಾದರೆ ಅದು ಜಾಸ್ತಿ ಸಲ ಬರುತ್ತದೆ.

ಇದನ್ನೆಲ್ಲ ಕಂಡುಕೊಂಡದ್ದು ಯಾವುದರಿಂದ ಗೊತ್ತಾ? ಬೊಂಡಾಸದಿಂದ, ಅಂದರೆ ಸಮುದ್ರದ ಸ್ಕ್ವಿಡ್‌ನಿಂದ. ಮನುಷ್ಯನ ನರದ ಎಳೆ ತೀರಾ ಸಣ್ಣದು, ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು. ಬೊಂಡಾಸದಲ್ಲಿ ಒಂದು ಎಳೆ ಅರ್ಧ ಮಿಲಿಮೀಟರ್, ಕೆಲವು ಜಾತಿಯಲ್ಲಿ ಒಂದು ಮಿಲಿಮೀಟರ್ ತನಕ ದಪ್ಪ ಇರುತ್ತದೆ. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1939ರಲ್ಲಿ ಅದರೊಳಗೇ ಸಣ್ಣ ವಿದ್ಯುತ್ ಕಡ್ಡಿ ತೂರಿಸಿ ವೋಲ್ಟೇಜು ಅಳೆದರು. ನಡುವೆ ಯುದ್ಧ ಬಂತು. 1952ರಲ್ಲಿ ಪೂರ್ತಿ ಲೆಕ್ಕ ಕೊಟ್ಟರು. 1963ರಲ್ಲಿ ನೊಬೆಲ್ ಬಂತು. ನಾನು ಪಾಠ ಮಾಡುವಾಗ ಕಾರವಾರದ ಮೀನು ಮಾರ್ಕೆಟ್ಟಿನಿಂದ ತಾಜಾ ಬೊಂಡಾಸ ತರುತ್ತೇನೆ. ಹೊಟ್ಟೆ ಕಡೆಯಿಂದ ಉದ್ದಕ್ಕೆ ಸೀಳಿ, ಒಳಗಿನದ್ದೆಲ್ಲ ತೆಗೆದು, ಚೀಲವನ್ನು ಹಲಗೆ ಮೇಲೆ ಹರಡಬೇಕು. ತಲೆಯ ಕಡೆ, ಎಡಕ್ಕೊಂದು ಬಲಕ್ಕೊಂದು ಚಿಕ್ಕ ಬಿಳಿ ಗಂಟು ಕಾಣುತ್ತದೆ. ಅದರಿಂದ ನಕ್ಷತ್ರದ ಕಿರಣದ ಹಾಗೆ ಎಳೆಗಳು ಹೊರಟಿರುತ್ತವೆ. ಬೊಂಡಾಸ ನೀರು ಚಿಮ್ಮಿ ಹಿಂದಕ್ಕೆ ಹಾರುವುದು ಈ ಎಳೆಗಳ ಅಪ್ಪಣೆಯಿಂದಲೇ. ಅದನ್ನು ಕಣ್ಣಾರೆ ಕಂಡಾಗ ಮಕ್ಕಳ ಮುಖ ಅರಳುವುದು ನೋಡಲು ನನಗೆ ಪ್ರತಿ ವರ್ಷವೂ ಖುಷಿ. ಮಗಳಿಗೂ ಒಮ್ಮೆ ತೋರಿಸಿ.

ಇನ್ನು ವೇಗದ ವಿಷಯ. ನಿಮ್ಮ ತೋಟದಲ್ಲಿ ಕೊನೆಗೌಡರು ಒಂದು ಮರ ಹತ್ತಿ ಕೊನೆ ಇಳಿಸಿದ ಮೇಲೆ ಪ್ರತಿ ಸಲ ಕೆಳಗಿಳಿಯುತ್ತಾರಾ? ಇಲ್ಲ. ಮರ ಬಾಗಿಸಿ ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟುತ್ತಾರೆ. ವೇಗದ ನರಗಳೂ ಹೀಗೇ. ಅವುಗಳ ಸುತ್ತ ಮಯೆಲಿನ್ ಅನ್ನುವ ಕೊಬ್ಬಿನ ಸುತ್ತು ಇರುತ್ತದೆ. ಮಿಲಿಮೀಟರಿಗೋ ಅದಕ್ಕಿಂತ ಹತ್ತಿರಕ್ಕೋ ಒಂದೊಂದು ಸಣ್ಣ ಸಂದು. ಬಾಗಿಲುಗಳೆಲ್ಲ ಆ ಸಂದುಗಳಲ್ಲೇ. ಸುದ್ದಿ ಸಂದಿನಿಂದ ಸಂದಿಗೆ ಹಾರುತ್ತದೆ. ಸ್ನಾಯುವಿಗೆ ಹೋಗುವ ದಪ್ಪ ನರಗಳಲ್ಲಿ ಸೆಕೆಂಡಿಗೆ 100 ಮೀಟರ್ ದಾಟುವುದೂ ಉಂಟು. ಸುತ್ತು ಇಲ್ಲದ ಸಣ್ಣ ಎಳೆಗಳಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್, ನಾವು ನಡೆಯುವ ವೇಗ.

ಈಗ ನಿಮ್ಮ ಬೆರಳಿಗೆ ಬರೋಣ. ತೆಳು ಸುತ್ತು ಇರುವ ಎಳೆಗಳ ಸುದ್ದಿ ಬೇಗ ಬೆನ್ನುಹುರಿ ಮುಟ್ಟಿತು. ಬೆನ್ನುಹುರಿ ಮಿದುಳನ್ನು ಕೇಳದೆ ಅಲ್ಲಿಂದಲೇ ಕೈಗೆ ಅಪ್ಪಣೆ ಕೊಟ್ಟಿತು. ಕೈ ಹಿಂದೆ ಬಂತು. ಅದೇ ಸುದ್ದಿ ಮೇಲಕ್ಕೆ ಹೋಗಿ ಮಿದುಳಿಗೆ ಅರ್ಥವಾದಾಗ ಚುರ್ ಅಂತು. ಸುತ್ತಿಲ್ಲದ ಎಳೆಗಳ ಸುದ್ದಿ ಹೆಚ್ಚುಕಡಿಮೆ ಒಂದು ಸೆಕೆಂಡ್ ತಡವಾಗಿ ಬಂತು. ನೀವು ಹೇಳಿದ ಉರಿ ಅದೇ.

ಪ್ರಶ್ನೆ: ಅಂಕೋಲಾ ಕಡೆಯವರು ನಾವು. ನೆಲದ ಮೇಲೆ ಮಲಗಿದ್ದ ನನ್ನ ಅಣ್ಣನಿಗೆ ರಾತ್ರಿ ಕಟ್ಟುಹಾವು ಕಚ್ಚಿತ್ತು. ಬಾವಿಲ್ಲ, ನೋವಿಲ್ಲ. ಬೆಳಿಗ್ಗೆ ಕಣ್ಣರೆಪ್ಪೆ ಎತ್ತಲು ಆಗಲಿಲ್ಲ. ನಾಲ್ಕು ದಿನ ಉಸಿರಾಟದ ಯಂತ್ರದಲ್ಲಿಟ್ಟರು. ಈಗ ಆರಾಮ. ಔಷಧಿ ಕೊಟ್ಟ ಮೇಲೂ ಅಷ್ಟು ದಿನ ಯಾಕೆ ಬೇಕಾಯ್ತು?

ಉತ್ತರ: ಅಣ್ಣ ಉಳಿದದ್ದು ತುಂಬಾ ಸಮಾಧಾನ. ಬಸ್ಸು ತದಡಿ ದಂಡೆಯವರೆಗೆ ಬಂದು ನಿಲ್ಲುತ್ತದೆ, ಆಚೆ ದಡದ ಅಘನಾಶಿನಿ ಊರಿಗೆ ಹೋಗಲು ದೋಣಿ ಹತ್ತಬೇಕು ಅಲ್ವಾ? ನರದ ತುದಿಗೂ ಸ್ನಾಯುವಿಗೂ ನಡುವೆ ಅಂಥ ಸಂದು ಇದೆ. ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲ, ಆದರೂ ವಿದ್ಯುತ್ ಅದನ್ನು ದಾಟುವುದಿಲ್ಲ. ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಸುದ್ದಿ ಬಂದ ಕೂಡಲೇ ಚೀಲ ತೆರೆದು ಅದು ಆಚೆ ದಡ ಸೇರುತ್ತದೆ, ಸ್ನಾಯು ಬಿಗಿಯುತ್ತದೆ.

ನಾಗರಹಾವಿನ ವಿಷ ಆಚೆ ದಡವನ್ನು ಹಿಡಿದುಕೊಳ್ಳುತ್ತದೆ. ದೋಣಿ ಬಂದರೂ ಇಳಿಯಲು ಜಾಗವಿಲ್ಲ. ಕಟ್ಟುಹಾವಿನ ವಿಷ ಮುಖ್ಯವಾಗಿ ಈಚೆ ದಡದ ನರದ ತುದಿಯನ್ನೇ ಕೆಡಿಸುತ್ತದೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ. ಅದು ಬೇಕೇ ಬೇಕು. ಆದರೆ ಆಗಲೇ ಕೆಟ್ಟ ತುದಿಗಳನ್ನು ಅದು ರಿಪೇರಿ ಮಾಡುವುದಿಲ್ಲ. ಅವು ಮತ್ತೆ ಚಿಗುರಬೇಕು. ಅದಕ್ಕೆ ದಿನಗಳು, ಕೆಲವರಿಗೆ ವಾರಗಳು ಬೇಕು. ಅಲ್ಲಿಯವರೆಗೆ ಯಂತ್ರ ಉಸಿರಾಡಿಸಬೇಕು. ಇನ್ನೊಂದು ಮಾತು ಎಲ್ಲರಿಗೂ. ಈ ವಿಷ ಸ್ನಾಯುಗಳ ದಾರಿ ತಡೆಯುತ್ತದೆ, ಬುದ್ಧಿಯನ್ನಲ್ಲ. ನಿದ್ದೆಯ ಮದ್ದು ಕೊಟ್ಟಿಲ್ಲದಿದ್ದರೆ ರೋಗಿಗೆ ಎಲ್ಲ ಕೇಳಿಸುತ್ತಿರಬಹುದು. ಹಾಸಿಗೆ ಪಕ್ಕ ನಿಂತು ಅಳಬೇಡಿ, ಧೈರ್ಯ ಹೇಳಿ.

ಪ್ರಶ್ನೆ: ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದೆ. ಮೈಯಲ್ಲಿ ರಕ್ತ ಕಡಿಮೆಯಾ?

ಉತ್ತರ: ಇಲ್ಲ. ಕೂತ ಭಾರಕ್ಕೆ ಕಾಲಿನ ನರವೂ ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಒತ್ತಿಕೊಳ್ಳುತ್ತವೆ. ಪಂಪುಗಳಿಗೆ ಶಕ್ತಿ ಸಾಲದೆ ಸುದ್ದಿ ನಿಲ್ಲುತ್ತದೆ. ಎದ್ದಾಗ ನರ ಸರಿಹೋಗುತ್ತಾ ಯಾರೂ ಮುಟ್ಟದಿದ್ದರೂ ತಾನೇ ಸುದ್ದಿ ಕಳಿಸುತ್ತದೆ. ಇರುವೆ ಹರಿದ ಹಾಗೆ ಅನ್ನಿಸುವುದು ಅದೇ. ಎರಡು ಮೂರು ನಿಮಿಷದಲ್ಲಿ ಹೋದರೆ ಚಿಂತೆ ಬೇಡ. ಒತ್ತಡವೇ ಇಲ್ಲದೆ ಎರಡೂ ಪಾದ ದಿನವಿಡೀ ಜೋಮು ಅನ್ನಿಸುತ್ತಿದ್ದರೆ ಈ ವಾರವೇ ಸಕ್ಕರೆ ಪರೀಕ್ಷೆ ಮಾಡಿಸಿ.