ಎಂಟಿವಿ ಪ್ರಶಸ್ತಿ: ಗಗನಯಾತ್ರಿ ಮತ್ತು 1984ರ ಆ ಫಲಿತಾಂಶ

ಎಂಟಿವಿ ವಿಡಿಯೊ ಮ್ಯೂಸಿಕ್ ಪ್ರಶಸ್ತಿಯ ಪ್ರತಿಮೆ ಗಗನಯಾತ್ರಿಯದೇ ಏಕೆ, ಮೈಕೆಲ್ ಜಾಕ್ಸನ್ ಅವರ ಹಾಡಿನ ವಿಡಿಯೊ 'ಥ್ರಿಲ್ಲರ್' ಮೊದಲ ವರ್ಷವೇ ಸೋತಿದ್ದು ನಿಜವೇ ಎಂದು ಕೇಳಿದ್ದೀರಿ.

ಪ್ರತಿಮೆಯ ಮೂಲ ವಾಹಿನಿಯ ಹುಟ್ಟಿನಲ್ಲೇ ಇದೆ. 1981ರ ಆಗಸ್ಟ್ 1ರಂದು ಎಂಟಿವಿ ಆರಂಭವಾದಾಗ ಮನುಷ್ಯ ಮೊದಲ ಬಾರಿ ಚಂದ್ರನ ಮೇಲಿಳಿದ ಅಪೊಲೊ 11 ಯಾನದ ದೃಶ್ಯಗಳನ್ನು ಬಳಸಿಕೊಂಡು, ಚಂದ್ರನ ಮೇಲಿನ ಧ್ವಜದಲ್ಲಿ ತನ್ನ ಲಾಂಛನವನ್ನು ಬಣ್ಣ ಬದಲಾಯಿಸುತ್ತಾ ತೋರಿಸಿತ್ತು. ಅಲ್ಲಿದ್ದ ಗಗನಯಾತ್ರಿಯ ಚಿತ್ರವೇ ಪ್ರತಿಮೆಯಾಯಿತು. 'ಮೂನ್‌ಮ್ಯಾನ್' ಎಂಬ ಅದರ ಹೆಸರು 2017ರಲ್ಲಿ 'ಮೂನ್ ಪರ್ಸನ್' ಆಯಿತು. ಗಾಯಕ, ಗಾಯಕಿಯರ ಪ್ರತ್ಯೇಕ ವಿಭಾಗಗಳನ್ನು ಕೈಬಿಟ್ಟದ್ದೂ ಆ ವರ್ಷವೇ.

ಎರಡನೆಯ ಪ್ರಶ್ನೆಗೆ ಉತ್ತರ: ಅರ್ಧ ನಿಜ. 1984ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನಡೆದ ಮೊದಲ ಸಮಾರಂಭದಲ್ಲಿ ವರ್ಷದ ವಿಡಿಯೊ ಪ್ರಶಸ್ತಿ 'ದಿ ಕಾರ್ಸ್' ತಂಡದ 'ಯು ಮೈಟ್ ಥಿಂಕ್'ಗೆ ಸಂದಿತು. ಆದರೆ 'ಥ್ರಿಲ್ಲರ್' ಬರಿಗೈಯಲ್ಲಿ ಮರಳಲಿಲ್ಲ. ನೃತ್ಯ ಸಂಯೋಜನೆ, ಒಟ್ಟಾರೆ ಪ್ರದರ್ಶನ, ವೀಕ್ಷಕರ ಆಯ್ಕೆ, ಹೀಗೆ ಮೂರು ಪ್ರಶಸ್ತಿ ಗೆದ್ದಿತು.

ಆ ರಾತ್ರಿ ಅತಿ ಹೆಚ್ಚು, ಅಂದರೆ ಐದು ಪ್ರಶಸ್ತಿ ಪಡೆದದ್ದು ಜಾಝ್ ಸಂಗೀತಗಾರ ಹರ್ಬಿ ಹ್ಯಾನ್‌ಕಾಕ್ ಅವರ 'ರಾಕಿಟ್' ವಿಡಿಯೊ. ನನ್ನ ಮಟ್ಟಿಗೆ ನಿಜವಾದ ವಿಜೇತ ಅದೇ. ದಯವಿಟ್ಟು ಒಮ್ಮೆ ನೋಡಿ. ಮನೆಯೊಂದರಲ್ಲಿ ಯಂತ್ರಮಾನವರು ತಾಳಕ್ಕೆ ಸರಿಯಾಗಿ ಕೈಕಾಲು ಝಾಡಿಸುತ್ತಿರುತ್ತವೆ. ಹ್ಯಾನ್‌ಕಾಕ್ ಮಾತ್ರ ಅಲ್ಲಿರುವ ಟಿವಿಯ ಪರದೆಯೊಳಗಷ್ಟೇ ಕಾಣಿಸುತ್ತಾರೆ. ಕೊನೆಗೆ ಆ ಟಿವಿ ಬೀದಿಯಲ್ಲಿ ಒಡೆದು ಬಿದ್ದಿರುತ್ತದೆ.