ಶುಕ್ರವಾರ ರಾತ್ರಿ ಆ ಬಾಗಿಲಿಗೆ ಬೀಗ ಹಾಕಬೇಡಿ

ನಿಮ್ಮ ಮೂರು ಪುಟದ ಪತ್ರದಲ್ಲಿ ಎರಡು ಪುಟ ಭಾವನವರ ಗುಣಗಾನಕ್ಕೇ ಹೋಗಿದೆ. ಮಿಕ್ಕದ್ದನ್ನು ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಯಜಮಾನರಿಗೆ ನಲವತ್ತೈದು. ಹತ್ತು ವರ್ಷದ ಕುಡಿತ. ಮೊದಲು ವಾರಕ್ಕೊಮ್ಮೆ, ಈಗ ದಿನವೂ 360 ಮಿಲಿ ವಿಸ್ಕಿ. ಕೆಲಸ ತಪ್ಪಿಸಿಲ್ಲ, ಕೈ ಎತ್ತಿಲ್ಲ, ‘ಎಷ್ಟು ಕುಡಿದರೂ ತೂರಾಡಿದವರಲ್ಲ’. ಎರಡು ಸಲ ಆಣೆ ಮಾಡಿ ಮುರಿದಿದ್ದಾರೆ. ಈಗ ಅವರ ಅಣ್ಣ, ತಮ್ಮನನ್ನು ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಮಹಡಿ ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುತ್ತೇನೆಂದು ಹೊರಟಿದ್ದಾರೆ. ನಿಮ್ಮ ಪ್ರಶ್ನೆ ಎರಡು: ಇವರನ್ನು ವ್ಯಸನಿ ಅನ್ನಬಹುದಾ? ಭಾವನವರ ಮಾತಿಗೆ ಒಪ್ಪಲಾ?

ಕೊನೆಯ ಪುಟದಲ್ಲಿ ಒಂದು ಸಾಲು ಬರೆದಿದ್ದೀರಿ, ಅದೂ ಆವರಣದೊಳಗೆ: ‘(ಬೆಳಗ್ಗೆ ಶೇವ್ ಮಾಡುವಾಗ ಕೈ ನಡುಗಿ ಗಲ್ಲ ಕೊಯ್ದುಕೊಳ್ಳುತ್ತಾರೆ. ನಿಶ್ಶಕ್ತಿ ಇರಬೇಕು. ಬಚ್ಚಲಿನಿಂದ ಈಚೆ ಬರುವಷ್ಟರಲ್ಲಿ ಸರಿಹೋಗಿರುತ್ತೆ.)’

ಅಮ್ಮಾ, ಹೇಗೆ ಸರಿಹೋಗುತ್ತೆ? ಹತ್ತು ನಿಮಿಷದಲ್ಲಿ ಹೋಗುವ ನಿಶ್ಶಕ್ತಿ ಯಾವುದಿದೆ? ಆ ಬಚ್ಚಲಿನಲ್ಲಿ ಎಲ್ಲೋ ಒಂದು ಬಾಟಲಿ ಇದೆ ಎಂದು ನನ್ನ ಬಲವಾದ ಅನುಮಾನ. ಹುಡುಕಲು ಹೋಗಬೇಡಿ, ಸಿಕ್ಕರೆ ಜಗಳವಾಗುತ್ತದೆ ಅಷ್ಟೆ.

ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನವೂ ತಗ್ಗಿಸುತ್ತಾ ಹೋದರೆ ಮಿದುಳು ಅದನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಏರಿಸಿಕೊಳ್ಳುತ್ತದೆ. ಅದಕ್ಕೇ ಮೊದಲಿನ ಅಳತೆ ಸಾಲದಾಗುವುದು, ಅದಕ್ಕೇ ಅವರು ತೂರಾಡದಿರುವುದು. ನೀವು ಸಮಾಧಾನಕ್ಕೆ ಹಿಡಿದುಕೊಂಡಿರುವ ಆ ಮಾತೇ ಮೊದಲ ಎಚ್ಚರಿಕೆಯಾಗಿತ್ತು. ಶೇಕಡ 40ರ ವಿಸ್ಕಿ 360 ಮಿಲಿ ಎಂದರೆ ಸುಮಾರು 115 ಗ್ರಾಂ ಶುದ್ಧ ಆಲ್ಕೋಹಾಲ್. ಅಷ್ಟು ಕುಡಿದೂ ನೆಟ್ಟಗೆ ನಡೆಯುವವರ ಮೈ ಅದಕ್ಕೆ ಒಗ್ಗಿಹೋಗಿದೆ. ರಾತ್ರಿ ಮಲಗಿ ಏಳೆಂಟು ಗಂಟೆಯಾದರೆ ರಕ್ತದಲ್ಲಿ ಮದ್ಯ ಇಳಿಯುತ್ತದೆ, ಏರಿಸಿಕೊಂಡ ಉದ್ರೇಕ ಮಾತ್ರ ಹಾಗೇ ಉಳಿಯುತ್ತದೆ. ಕೈ ನಡುಗುವುದು, ಬೆವರುವುದು, ಓಕರಿಕೆ, ವಿನಾಕಾರಣ ಗಾಬರಿ, ಎಲ್ಲಕ್ಕೂ ಕಾರಣ ಅದೇ. ಒಂದು ಗುಟುಕು ಬಿದ್ದರೆ ನಿಲ್ಲುತ್ತದೆ. ಬೆಳಗಿನ ಗುಟುಕಿನ ತನಕ ಬಂದವರ ಬಗ್ಗೆ ‘ವ್ಯಸನಿ ಹೌದೋ ಅಲ್ಲವೋ’ ಎಂಬ ಚರ್ಚೆ ಬೇಕಿಲ್ಲ.

ಆಣೆಯ ವಿಷಯಕ್ಕೂ ಇದೇ ಉತ್ತರ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ಆಣೆ ಮಾಡಿಸುವುದು ಬಾಯಿಂದ, ನಡುಗುವುದು ನರ. ಮುರಿದ ಆಣೆಯಿಂದ ಹುಟ್ಟುವ ನಾಚಿಕೆ ಇನ್ನೊಂದು ಪೆಗ್ಗಿಗೆ ನೆಪವಾಗುತ್ತದೆ.

ಈಗ ಭಾವನವರ ಯೋಜನೆಗೆ ಗಡಿಯಾರ ಹಿಡಿದು ನೋಡೋಣ. ಶುಕ್ರವಾರ ರಾತ್ರಿ ಹತ್ತಕ್ಕೆ ಕೊನೆಯ ಗುಟುಕು ಅಂದುಕೊಳ್ಳಿ. ಶನಿವಾರ ಬೆಳಗ್ಗೆ ನಡುಕ, ಬೆವರು. ಭಾವನವರು ‘ತಡ್ಕೋ, ಗಂಡಸಾಗು’ ಅನ್ನುತ್ತಾರೆ. ಅಂದಿನಿಂದ ಭಾನುವಾರ ರಾತ್ರಿಯೊಳಗೆ ಫಿಟ್ಸ್ ಬರುವ ಅಪಾಯ. ಹಿಂದೆ ಎಂದೂ ಬಾರದವರಿಗೂ ಬರಬಹುದು. ಭಾನುವಾರ ರಾತ್ರಿಯಿಂದ ಮಂಗಳವಾರದವರೆಗಿನದು ಇನ್ನೂ ಕೆಟ್ಟ ಅವಧಿ. ಹಗಲು ರಾತ್ರಿ ತಿಳಿಯದ ಗೊಂದಲ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಜ್ವರ, ಓಡುವ ನಾಡಿ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಎಲ್ಲರಿಗೂ ಬರುವುದಿಲ್ಲ, ಬಂದರೆ ಚಿಕಿತ್ಸೆಯಿಲ್ಲದೆ ಪ್ರಾಣವೇ ಹೋಗಬಹುದು. ಸೋಮವಾರ ಬೆಳಗ್ಗೆ ‘ಹೊಸ ಮನುಷ್ಯನನ್ನು’ ಈಚೆ ಕರೆತರುತ್ತೇನೆ ಎಂದಿದ್ದಾರಲ್ಲ, ಅವರು ಬಾಗಿಲು ತೆಗೆಯುವ ಹೊತ್ತಿಗೆ ಒಳಗೆ ಇದು ಶುರುವಾಗಿರಬಹುದು.

ಊಟದಲ್ಲಿ ಗುಟ್ಟಾಗಿ ಬೆರೆಸಲು ಅವರು ತಂದುಕೊಟ್ಟಿರುವ ಮಾತ್ರೆಯನ್ನೂ ವಾಪಸು ಕೊಡಿ. ಅದು ಡೈಸಲ್ಫಿರಾಂ, ಅಂದರೆ ಮದ್ಯ ಮೈಗೆ ಒಗ್ಗದಂತೆ ಮಾಡುವ ಔಷಧ, ಆಗಿದ್ದರೆ, ತಿಂದವರು ತಿಳಿಯದೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಹೃದಯಕ್ಕೇ ಸಂಚಕಾರ ಬರಬಹುದು. ಒಪ್ಪಿಗೆ ಪಡೆದು, ವೈದ್ಯರ ಕಣ್ಣಳತೆಯಲ್ಲಿ ಕೊಡುವ ಔಷಧ ಅದು. ಭಾವನವರ ಪ್ರೀತಿಯನ್ನು ನಾನು ಅನುಮಾನಿಸುತ್ತಿಲ್ಲ, ಆದರೆ ನಿಮ್ಮ ಪತ್ರದಲ್ಲಿ ನನಗೆ ಕುಡಿಯುವವರಿಗಿಂತ ಹೆಚ್ಚು ಭಯ ಹುಟ್ಟಿಸಿದವರು ಅವರೇ.

ನಿಮಗೆ ನಾನು ಹೇಳುವುದು ಒಂದೇ ಕೆಲಸ. ಶುಕ್ರವಾರಕ್ಕೆ ಮೊದಲು ಅವರನ್ನು ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಅಲ್ಲಿಯವರೆಗೆ ‘ಇವತ್ತಿನಿಂದಲೇ ಪೂರ್ತಿ ನಿಲ್ಲಿಸಿ’ ಎಂದು ಪಟ್ಟು ಹಿಡಿಯಬೇಡಿ.

‘ಕುಡಿತ ಬಿಡಿಸೋಕೆ’ ಎಂದರೆ ಬರಲಾರರು. ‘ಕೈ ನಡುಗುತ್ತಲ್ಲ, ಅದನ್ನು ತೋರಿಸೋಣ’ ಅನ್ನಿ. ಆ ನಡುಕಕ್ಕೆ ಅವರೂ ಹೆದರಿರುತ್ತಾರೆ. ಮಾತೆತ್ತುವುದು ಕುಡಿದ ರಾತ್ರಿಯಲ್ಲಲ್ಲ, ನಡುಗುವ ಮುಂಜಾನೆಯಲ್ಲೂ ಅಲ್ಲ. ಎರಡರ ನಡುವೆ ಹೊತ್ತು ನೋಡಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು, ದಿನದ ಮೊದಲ ಗುಟುಕು ಯಾವಾಗ, ಹಿಂದೆ ಆಣೆ ಮಾಡಿ ಬಿಟ್ಟಾಗ ಮೈಗೆ ಏನಾಯಿತು, ಫಿಟ್ಸ್ ಬಂದಿತ್ತಾ, ನಿದ್ದೆ ಮಾತ್ರೆ ಅಥವಾ ಬೇರೆ ಔಷಧಿ ಇದೆಯಾ. ಇದನ್ನು ನೋಡಿಯೇ ವೈದ್ಯರು ಮನೆಯಲ್ಲಿಟ್ಟು ಬಿಡಿಸಬೇಕೋ ದಾಖಲು ಮಾಡಬೇಕೋ ತೀರ್ಮಾನಿಸುವುದು. ಮಿದುಳಿನ ಉದ್ರೇಕ ತಗ್ಗಿಸುವ ಡಯಾಜೆಪಾಂ ಜಾತಿಯ ಮಾತ್ರೆಯನ್ನು ಕೆಲವು ದಿನ ಕೊಟ್ಟು, ಅಳತೆ ಇಳಿಸುತ್ತಾ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಕುಡಿಯುವವರಲ್ಲಿ ಅದು ಬರಿದಾಗಿದ್ದರೆ ಮಿದುಳಿಗೆ ಕಾಯಂ ಹಾನಿಯಾಗಬಹುದು. ಈ ಹೆಸರುಗಳನ್ನು ಓದಿ ನೀವೇ ಮಾತ್ರೆ ತಂದುಕೊಡಬೇಡಿ. ಮದ್ಯದ ಮೇಲೆ ಡಯಾಜೆಪಾಂ ಬಿದ್ದರೆ ಉಸಿರೇ ಕುಂದುತ್ತದೆ.

ಬಿಟ್ಟ ಮೇಲೆ ಮತ್ತೆ ಹಂಬಲ ಬರುತ್ತದೆ, ಅದಕ್ಕೆ ಬೇರೆ ಔಷಧ, ಆಪ್ತಸಮಾಲೋಚನೆ ಇವೆ. ಅದನ್ನು ಆಮೇಲೆ ಬರೆಯಿರಿ.

ಅಷ್ಟರೊಳಗೆ ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ ಆಸ್ಪತ್ರೆಗೆ ಒಯ್ಯಿರಿ. ಮಾತು ಅಡ್ಡಾದಿಡ್ಡಿಯಾದರೂ ಅಷ್ಟೇ, ಬೆಳಗಾಗಲಿ ಎಂದು ಕಾಯಬೇಡಿ. ಇನ್ನು ಆ ಮಹಡಿ ಕೋಣೆಯ ಬೀಗದ ಕೈಯನ್ನು ಇವತ್ತೇ ಭಾವನವರಿಂದ ಇಸಿದುಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.