ಕಣ್ಣುಬ್ಬಿದ ಜಿಲೇಬಿ ಮೀನು, ಅಂಗಡಿಯ ಪುಡಿ

ಪ್ರಶ್ನೆ: ಗೌರಿಬಿದನೂರು ಹತ್ತಿರ ನಮ್ಮ ಕೃಷಿ ಹೊಂಡದಲ್ಲಿ ಜಿಲೇಬಿ ಮೀನುಗಳು ಗಿರಗಿರ ಸುತ್ತಿ ಸಾಯುತ್ತಿವೆ. ಕಣ್ಣು ಉಬ್ಬಿವೆ. ಅಂಗಡಿಯವರು ಇದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಅಂತ ಹೇಳಿ ಒಂದು ಪುಡಿ ಕೊಟ್ಟರು. ಹುಟ್ಟಿದ ಮಕ್ಕಳಿಗೆ ಬರುವುದೂ ಇದೇ ಎನ್ನುತ್ತಾಳೆ ನರ್ಸಿಂಗ್ ಓದುವ ಮಗಳು. ನಮಗೂ ಬರುತ್ತಾ?

ಉತ್ತರ: ಮಗಳ ಮಾತು ಅರ್ಧ ಸರಿ. ಅಂಗಡಿಯವರದು ಊಹೆ. ಏರೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ತಗುಲಿದರೂ ಕಣ್ಣು ಉಬ್ಬುತ್ತದೆ. ಈಗಷ್ಟೇ ಕಾಯಿಲೆ ಬಿದ್ದ ಮೀನಿನ ಮೆದುಳು, ಮೂತ್ರಪಿಂಡದಿಂದ ಮಾದರಿ ತೆಗೆದು ಲ್ಯಾಬಿನಲ್ಲಿ ಬೆಳೆಸಿ ನೋಡದೆ ಹೆಸರು ಹೇಳಬಾರದು. ಸತ್ತು ತೇಲಿ ನಾರುತ್ತಿರುವ ಮೀನು ತಂದುಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ.

ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೇ ಎಂದೇ ಇಟ್ಟುಕೊಳ್ಳೋಣ. ಹಸುವಿನ ಕೆಚ್ಚಲು ಬಾವು, ನವಜಾತ ಶಿಶುವಿನ ಮೆದುಳು ಜ್ವರ, ನಿಮ್ಮ ಹೊಂಡದ ಸಾವು, ಮೂರಕ್ಕೂ ಇದು ಕಾರಣವಾಗಬಹುದು. ಆದರೆ ಮೂರೂ ಕಡೆ ಇರುವುದು ಒಂದೇ ತಳಿ ಅಂತ ಅಲ್ಲ. ಈ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆ ಸರಪಳಿಗಳ ಹೊದಿಕೆ ಇರುತ್ತದೆ. ಅದನ್ನು ಕಟ್ಟುವ ಜೀನ್‌ಗಳು ಒಂದರ ಪಕ್ಕ ಒಂದು ಸಾಲಾಗಿವೆ. ಯಾವ ಸಕ್ಕರೆ, ಯಾವ ಕೊಂಡಿ ಎಂದು ತೀರ್ಮಾನಿಸುವುದು ಅವೇ. ಹೀಗೆ 10 ಬಗೆಯ ಹೊದಿಕೆಗಳು ಗೊತ್ತಿವೆ. ಸರಪಳಿಯ ತುದಿಯಲ್ಲಿ ಸಿಯಾಲಿಕ್ ಆಮ್ಲ. ನಮ್ಮ ಜೀವಕೋಶಗಳ ಮೇಲೂ ಅದೇ ಇದೆ. ಪೊಲೀಸ್ ಸಮವಸ್ತ್ರ ತೊಟ್ಟು ಬಂದ ಕಳ್ಳನಂತೆ ಅದು ರಕ್ತದ ಕಾವಲನ್ನು ದಾಟಿಬಿಡುತ್ತದೆ. ಇದರ ಸೋದರ ಸ್ಟ್ರೆಪ್ಟೋಕಾಕಸ್ ಇನಿಯೇ. ಅದರಲ್ಲಿ ಹೊದಿಕೆಯ ಒಂದು ಜೀನ್ ಕೆಡಿಸಿದರೆ ಮೀನನ್ನು ಕೊಲ್ಲುವ ಶಕ್ತಿ ಬಹಳ ಕುಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಹಾಗಂತ ಹೊದಿಕೆಯೊಂದೇ ಎಲ್ಲ ಅಲ್ಲ. ಆ ಹತ್ತರಲ್ಲಿ 1ಬಿ ಎಂಬ ಹೊದಿಕೆ ಮನುಷ್ಯರ ತಳಿಗಳಲ್ಲೂ ಇದೆ, ಮೀನಿನದರಲ್ಲೂ ಇದೆ. ಆದರೆ ಮೀನಿಗೆ ಒಗ್ಗಿಹೋದ 1ಬಿ ತಳಿಗಳು ಬೇರೆ ಎಷ್ಟೋ ಜೀನ್‌ಗಳನ್ನು ಕಳೆದುಕೊಂಡಿವೆ, ಮನುಷ್ಯರ ತಂಟೆಗೆ ಸಾಮಾನ್ಯವಾಗಿ ಬರುವುದಿಲ್ಲ. ನನಗೆ ಹೆದರಿಕೆ 3ನೇ ಬಗೆಯ ಹೊದಿಕೆ ಇರುವ ಎಸ್‌ಟಿ-283 ಎಂಬ ತಳಿಯದು. 2015ರಲ್ಲಿ ಸಿಂಗಪುರದಲ್ಲಿ ಹಸಿ ಸಿಹಿನೀರು ಮೀನು ತಿಂದ ಆರೋಗ್ಯವಂತ ವಯಸ್ಕರೂ ಆಸ್ಪತ್ರೆ ಸೇರಿದ್ದು ಇದರಿಂದ. ಗೆಂಡೆ ಜಾತಿಯ ಮೀನು, ನಮ್ಮ ಕೊರವನ ನೆಂಟ ಮೀನು ಅಲ್ಲಿ ಸಿಕ್ಕಿಬಿದ್ದವು. ನಾವು ಹಸಿ ಮೀನು ತಿನ್ನಲ್ಲ ಅಲ್ವಾ? ಕುದಿದ ಸಾರಿನಲ್ಲಿ ಇದು ಬದುಕುವುದಿಲ್ಲ. ಸೋಂಕು ಒಳಗೆ ಬರುವ ದಾರಿ ಈಳಿಗೆ ಮಣೆಯಲ್ಲಿ ಕೊಯ್ದ ಬೆರಳು, ರೆಕ್ಕೆ ಮುಳ್ಳು ಚುಚ್ಚಿದ ಅಂಗೈ. 1995ರ ಕೊನೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹಸಿ ಜಿಲೇಬಿ ಮೀನು ಸ್ವಚ್ಛ ಮಾಡಿದವರ ಕೈ ಊದಿ ಕೆಂಪಾಯಿತು. ಅದು ಇನಿಯೇ ಕೆಲಸ.

ಪುಡಿ ವಾಪಸ್ ಕೊಡಿ. ಲೇಬಲ್ ಇಲ್ಲದ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು? ಕ್ಲೋರಾಂಫೆನಿಕಾಲ್ ಮೀನು ಸಾಕಣೆಯಲ್ಲಿ ನಿಷೇಧ. ಸತ್ತ ಮೀನನ್ನು ದಿನಾ ತೆಗೆದು ಸುಣ್ಣ ಹಾಕಿ ಹೂಳಿ. ಮೇವು ನಿಲ್ಲಿಸಿ, ಮೀನು ಕಿಕ್ಕಿರಿದಿದ್ದರೆ ಕಡಿಮೆ ಮಾಡಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಹೇಳಿ. ‘ಎಲ್ಲ ರೋಗಕ್ಕೂ ಒಂದೇ ಲಸಿಕೆ’ ಎಂದು ಮಾರುವವನನ್ನು ಗೇಟಿನಲ್ಲೇ ತಡೆಯಿರಿ. ಆಸ್ಟ್ರೇಲಿಯದಲ್ಲಿ ಫಾರಂನ ಸ್ವಂತ ತಳಿಯಿಂದ ಮಾಡಿಸಿದ ಲಸಿಕೆಯೇ ಸೋತಿದೆ. ಇನಿಯೇ ತನ್ನ ಹೊದಿಕೆಯ ಜೀನ್ ಬದಲಿಸಿಕೊಂಡಿತ್ತು.

ಪ್ರಶ್ನೆ: ಬ್ಯಾಕ್ಟೀರಿಯಾ ಮೇಲೆ ಸಕ್ಕರೆ ಇದೆಯಂತೆ, ನನಗೆ ಶುಗರ್ ಇದೆ, ಮೀನು ಬಿಡಬೇಕಾ? (ಕೋಲಾರ)

ಉತ್ತರ: ಬಿಡಬೇಡಿ. ಆ ಸಕ್ಕರೆಗೂ ನಿಮ್ಮ ಶುಗರ್‌ಗೂ ಸಂಬಂಧವಿಲ್ಲ. ಆದರೆ ಶುಗರ್ ಇರುವವರಿಗೆ ಈ ಸೋಂಕು ಜೋರಾಗುತ್ತದೆ, ಮೀನು ಸ್ವಚ್ಛ ಮಾಡುವಾಗ ಗ್ಲೌಸ್ ಹಾಕಿ.

ಪ್ರಶ್ನೆ: ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತಾ? (ತಿಪಟೂರು)

ಉತ್ತರ: ಇಲ್ಲ. ದಯವಿಟ್ಟು ಮತ್ತೆ ಕೇಳಬೇಡಿ.

ಪ್ರಶ್ನೆ: ಮುಳ್ಳು ಚುಚ್ಚಿದ ಕಡೆ ಅರಿಶಿನ ಹಚ್ಚಿದರೆ ಸಾಕಾ? (ಮುಳಬಾಗಿಲು)

ಉತ್ತರ: ಸಾಲದು. ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ. ಕೆಂಪಾಗಿ ಊದಿದರೆ, ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹಸಿ ಮೀನು ಮುಟ್ಟಿದ್ದೆ ಅಂತ ನೀವೇ ಹೇಳಿ, ಅವರು ಕೇಳಲಿಕ್ಕಿಲ್ಲ.